ಕುಳಿತವನ ಪ್ರಥಮ ದರ್ಜೆ

ಸಮಯ: ಭಾನುವಾರ, ಸಂಜೆ ನಾಲ್ಕು. ಹವೆ: ಬಿಸಿಲು ಇಳಿಮುಖ, ಕಬ್ಬಿನ ಹೊಲಗಳ ಕಡೆಯಿಂದ ಗಾಳಿ, ಮೋಡವಿಲ್ಲ. ಸ್ಥಳ: ಜಮಖಂಡಿ, ನನ್ನ ಮನೆಯ ಮಹಡಿಯ ಕೋಣೆ. ಹಾಜರಿದ್ದವರು: ಬ್ಯಾಂಕಿನ ಅಧಿಕಾರಿ, ಆ ಕೋಣೆಯ ಬಾಡಿಗೆದಾರ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಬನಹಟ್ಟಿಯ ಮಗ್ಗದ ಮಾಲೀಕ, ಹರೆಯದಲ್ಲಿ ಕುಸ್ತಿ ಹಿಡಿದವರು, ಈಗಲೂ ಬಾಗಿಲಲ್ಲಿ ಓರೆಯಾಗಿಯೇ ಒಳಗೆ ಬರುವವರು. ಮುಧೋಳದಲ್ಲಿ ಔಷಧದ ಅಂಗಡಿ ನಡೆಸುವ ಹೆಣ್ಣುಮಗಳು. ವಯಸ್ಸಿನ ಭೇದವಿಲ್ಲದೆ ಎಲ್ಲರಿಗೂ ಅಕ್ಕ. ಬೀಳಗಿಯ ಬಸ್ ಕಂಡಕ್ಟರ್, ವಾರದ ರಜೆ. ಐದನೆಯವನು ನಾನು, ನಿವೃತ್ತ ಮುಖ್ಯಾಧ್ಯಾಪಕ. ನನ್ನನ್ನು ಯಾರೂ ಕರೆದಿರಲಿಲ್ಲ.

ಇದು ನಾನು ಸೇರಿದ ಮೊದಲ ದಿನದ ಹಾಜರಿ. ಇಂಥ ಐವರು ಒಂದು ಮೇಜಿನ ಸುತ್ತ ಸೇರಿದ ಮೇಲೆ ಏನೂ ಘಟಿಸದೆ ಮುಗಿದ ಭಾನುವಾರ ಒಂದಾದರೂ ನನ್ನ ನೆನಪಿನಲ್ಲಿಲ್ಲ.

ಆಟದ ಪರಿಚಯ ಅವಶ್ಯ. ಇದರಲ್ಲಿ ಪಟವಿಲ್ಲ, ಕಾಯಿಯಿಲ್ಲ, ಇಸ್ಪೀಟಿನ ಎಲೆಯಿಲ್ಲ. ಒಬ್ಬ ಸೂತ್ರಧಾರ ಕತೆ ಹೇಳುತ್ತಾನೆ. ಉಳಿದವರು ಒಬ್ಬೊಬ್ಬ ನಾಯಕನನ್ನು ವಹಿಸಿಕೊಂಡು, ಅವನು ಏನು ಮಾಡುತ್ತಾನೆ ಎಂಬುದನ್ನು ಬಾಯಲ್ಲಿ ಹೇಳುತ್ತಾರೆ. ‘ಗೋಡೆ ಹತ್ತಿದೆ’ ಎಂದರೆ ಸಾಲದು. ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಅಂಕಕ್ಕೆ ನಾಯಕನ ಸಾಮರ್ಥ್ಯದ ಅಂಕ ಕೂಡಿಸಬೇಕು. ಸಾಕಷ್ಟಾದರೆ ಹತ್ತಿದ, ಕಡಿಮೆಯಾದರೆ ಬಿದ್ದ. ನಾಯಕರ ಸಾಮರ್ಥ್ಯಗಳೇನೋ ಮೊದಲೇ ನಿಗದಿಯಾಗಿರುತ್ತವೆ. ಆದರೆ ಕತೆಯಲ್ಲಿ ಕಾವಲುಗಾರನಿದ್ದಾನೆ, ಅಂಗಡಿಕಾರನಿದ್ದಾನೆ, ಅಂಬಿಗನಿದ್ದಾನೆ, ದೆವ್ವವಿದೆ. ಇವರನ್ನು ಆಡಿಸುವ ಆಟಗಾರರಿಲ್ಲ. ಎಲ್ಲರೂ ಸೂತ್ರಧಾರನ ಪಾಲು. ಇವರಿಗೆ ನಾನು ‘ಇತರೆ’ ಎಂದು ಹೆಸರಿಟ್ಟಿದ್ದೇನೆ. ಇತರೆಯವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಅದನ್ನು ತೀರ್ಮಾನಿಸುವವರು ಯಾರು? ಮುಂದಿನ ಅನಾಹುತಗಳೆಲ್ಲ ಈ ಒಂದು ಪ್ರಶ್ನೆಯ ಮಕ್ಕಳು.

೧. ಕಿವುಡ ಕಾವಲುಗಾರ

ಆಟವನ್ನು ಪುಣೆಯಿಂದ ತಂದವನು ಬ್ಯಾಂಕಿನ ಅಧಿಕಾರಿ. ದಾಳ ಅವನದು, ಪುಸ್ತಕ ಅವನದು. ಆದ್ದರಿಂದ ಸೂತ್ರಧಾರನ ಕುರ್ಚಿಯೂ ಅವನದಾಗಿತ್ತು. ಕೈಯಿರುವ ಕುರ್ಚಿ ಅದೊಂದೇ. ನಾನು ಕೆಳಗಿನ ಕೋಣೆಯಲ್ಲಿ ಕುಳಿತು ಪ್ರತಿ ಭಾನುವಾರ ಮೇಲಿನ ನಗು ಕೇಳುತ್ತಿದ್ದೆ. ಆ ದಿನ ನಗು ನಿಂತು ಜಗಳ ಕೇಳಿಸಿತು. ಶಿಸ್ತಿನ ಪ್ರಶ್ನೆ. ಮೆಟ್ಟಿಲು ಹತ್ತಿದೆ.

ಕಂಡಕ್ಟರನ ನಾಯಕ ಒಬ್ಬ ಕಳ್ಳ. ಕೋಟೆಯ ಬಾಗಿಲಲ್ಲಿ ಕಾವಲುಗಾರನ ಕಣ್ಣು ತಪ್ಪಿಸಿ ಒಳಗೆ ಹೋಗಿದ್ದ. ದಾರಿಯಲ್ಲಿ ತಾಮ್ರದ ಹಂಡೆಯೊಂದು ಉರುಳಿ ದೊಡ್ಡ ಸದ್ದಾಗಿತ್ತು. ಕಾವಲುಗಾರನಿಗೆ ಕೇಳಿಸಿರಲಿಲ್ಲ. ಖಜಾನೆಗೆ ಬಂದು ಬೀಗಕ್ಕೆ ಕೈ ಹಚ್ಚಿದ್ದೇ ತಡ, ಅದೇ ಕಾವಲುಗಾರ ಹಿಂದಿನಿಂದ ಬಂದು ಕೊರಳಪಟ್ಟಿ ಹಿಡಿದಿದ್ದ.

“ಹಂಡೆ ಬಿದ್ದದ್ದು ಕೇಳದಾಂವಗ ಬೀಗ ಮುಟ್ಟಿದ್ದು ಹೆಂಗ ಕೇಳ್ತರಿ ಸಾಹೇಬ್ರ?”

“ಅಂವಂದು ಕಿವಿ ಭಾಳ ಚುರುಕು. ಮುಧೋಳ ನಾಯಿ ಇದ್ದಂಗ.”

“ಬಾಗಲದಾಗ ಆ ನಾಯಿ ಎಲ್ಲಿ ಹೋಗಿತ್ತರಿ?”

“ನಮ್ಮೂರ ನಾಯಿ ಹೆಸರು ಸುಮ್ಮ ಕೆಡಸಬ್ಯಾಡ್ರಿ,” ಎಂದರು ಅಕ್ಕ.

“ಆಟಕ್ಕ ಬೇಕಾದಾಗ ಕೇಳ್ತತಿ, ಬ್ಯಾಡಾದಾಗ ಇಲ್ಲ. ಸೂತ್ರಧಾರನ ಮರ್ಜಿ. ಪುಸ್ತಕದಾಗ ಹಂಗ ಐತಿ.”

ನಾನು ಬಾಗಿಲಲ್ಲಿ ನಿಂತು ಹೇಳಿದೆ: “ಉತ್ತರ ಬರೆದಾದ ಮೇಲೆ ಅಂಕ ತಿದ್ದುವವನನ್ನು ನನ್ನ ಸೇವಾವಧಿಯಲ್ಲಿ ಪರೀಕ್ಷೆಯ ಕೋಣೆಗೆ ಬಿಟ್ಟಿಲ್ಲ.”

ನನ್ನ ಧ್ವನಿ ಕೇಳಿದ ಕೂಡಲೇ ಬ್ಯಾಂಕಿನ ಅಧಿಕಾರಿ ಎದ್ದು ನಿಂತ. ಎಂಟನೆಯ ತರಗತಿಯ ಅಭ್ಯಾಸ. ಕೈ ಕೂಡ ಕಟ್ಟಿಕೊಂಡ.

ಕುರ್ಚಿ ಖಾಲಿಯಾಗಿತ್ತು. ಕುಳಿತೆ.

೨. ಸಂತೆಯ ಹಾಜರಿ

ಪುಸ್ತಕವನ್ನು ಒಂದು ವಾರ ಅಧ್ಯಯನ ಮಾಡಿದೆ. ನಾಯಕರಿಗೆ ಆರು ಸಾಮರ್ಥ್ಯ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮಾತಿನ ತೂಕ. ಇತರೆಯವರ ವಿಷಯದಲ್ಲಿ ಪುಸ್ತಕ ಉದಾಸೀನವಾಗಿತ್ತು. ಇದು ಪಕ್ಷಪಾತ. ಮುಂದಿನ ಭಾನುವಾರ ನನ್ನ ಮೊದಲ ನಿಯಮ ಪ್ರಕಟಿಸಿದೆ: ಕತೆಯಲ್ಲಿ ಕಾಣಿಸಿಕೊಳ್ಳುವ ಪ್ರತಿಯೊಬ್ಬರಿಗೂ ಆರೂ ಸಾಮರ್ಥ್ಯಗಳನ್ನು ದಾಳ ಹಾಕಿ ನಿರ್ಧರಿಸತಕ್ಕದ್ದು, ಅದೂ ಅವರು ಬಾಯಿ ತೆರೆಯುವ ಮೊದಲು.

ಅಂದಿನ ಕತೆ ಸರಳ. ಹಾಳು ಬಾವಿಗೆ ಇಳಿಯಬೇಕು. ಇಳಿಯಲು ಹಗ್ಗ ಬೇಕು. ಹಗ್ಗಕ್ಕೆ ಸಂತೆಗೆ ಹೋಗಬೇಕು. ನಾಯಕರು ಸಂತೆಗೆ ಕಾಲಿಟ್ಟರು. ನಾನು ಉಳ್ಳಾಗಡ್ಡಿ ಮಾರುವವಳಿಂದ ಆರಂಭಿಸಿದೆ. ಆಮೇಲೆ ಬಳೆಗಾರ. ಆಮೇಲೆ ಬಳೆಗಾರನ ಮುಂದೆ ಕೈ ನೀಡಿ ಕುಳಿತ ಮೂವರು ಹೆಂಗಸರು. ಆಮೇಲೆ ಅವರಲ್ಲೊಬ್ಬಳ ಎಮ್ಮೆ.

“ಸರ,” ಎಂದರು ಮಗ್ಗದ ಮಾಲೀಕರು, “ಎಮ್ಮಿಗಿ ಮಾತಿನ ತೂಕ ಎದಕರಿ?”

“ನಿಯಮ.”

“ಎಷ್ಟ ಬಿತ್ತರಿ?”

“ಹದಿನಾರು.”

“ನನ್ನ ನಾಯಕಂದು ಒಂಬತ್ತರಿ,” ಎಂದು ಮಾಲೀಕರು ಕಂಡಕ್ಟರನ ಕಡೆ ತಿರುಗಿದರು. “ಇನ್ನ ಮ್ಯಾಲ ಎಮ್ಮೀನ ಮಾತಾಡ್ಲಿ. ನಾ ಸುಮ್ನಿರತೇನಿ.”

ದೀಪ ಹಚ್ಚುವ ಹೊತ್ತಿಗೆ ಹಗ್ಗದ ಅಂಗಡಿ ಮುಟ್ಟಿದೆವು. ಅಂಗಡಿಕಾರನಿಗೆ ದಾಳ ಹಾಕಿದೆ. ಬಲ ಹತ್ತೊಂಬತ್ತು. ಚುರುಕು ಹದಿನೆಂಟು. ಬುದ್ಧಿ ಇಪ್ಪತ್ತು. ನಾಲ್ವರು ನಾಯಕರನ್ನು ಒಂದು ತಕ್ಕಡಿಯಲ್ಲಿ ಹಾಕಿದರೂ ಅವನ ತೂಕಕ್ಕೆ ಬರುತ್ತಿರಲಿಲ್ಲ.

ಅಕ್ಕ ತಮ್ಮ ನಾಯಕಿಯ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟರು. “ಹಂಗಾರ ನಾ ಯಾಕ ಬಾವ್ಯಾಗ ಇಳೀಲಿ? ಈ ಅಣ್ಣಾರನ್ನ ಕಳಸ್ರಿ. ನಾ ಇವರ ಅಂಗಡ್ಯಾಗ ಕುಂತು ಹಗ್ಗಾ ಮಾರತೇನಿ. ಅಂಗಡಿ ನಡಸೂದು ನನಗ ರೂಢಿ ಐತಿ.”

ನಿಯಮದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಒಪ್ಪಿದೆ. ಅಂಗಡಿಕಾರ ಬಾವಿಯ ಕಡೆ ನಡೆದ. ಬ್ಯಾಂಕಿನ ಅಧಿಕಾರಿ ಅವಸರದಿಂದ ಹೇಳಿದ: “ಅಕ್ಕಾರ, ಅವಂಗ ಇಳ್ಯಾಕ ಒಂದ ಹಗ್ಗಾ ಕೊಡ್ರಿ.”

ಅಕ್ಕ ಅವನನ್ನು ಅಪರಿಚಿತರಂತೆ ನೋಡಿದರು. “ಅಂಗಡಿ ಮುಚ್ಚೇತ್ರಿ. ಮುಂದಿನ ಸಂತಿಗೆ ಬರ್ರಿ.”

೩. ಜೋಡಿ ಆಗದ ದೆವ್ವ

ತಪ್ಪು ಕಂಡರೆ ತಿದ್ದುವುದು ನನ್ನ ಪದ್ಧತಿ. ಎರಡನೆಯ ನಿಯಮ ಹೀಗಿತ್ತು: ಇತರೆಯವರೆಲ್ಲರಿಗೂ ಎಲ್ಲ ವಿಷಯಗಳಲ್ಲಿ ಪಾಸಾಗುವಷ್ಟು ಅಂಕ. ತಮ್ಮ ತಮ್ಮ ಕಸುಬಿನಲ್ಲಿ ಮಾತ್ರ ಪ್ರಥಮ ದರ್ಜೆ. ಅಂಬಿಗನಿಗೆ ದೋಣಿ, ಅಡಿಗೆಯವಳಿಗೆ ಒಲೆ, ಕಾವಲುಗಾರನಿಗೆ ಕಿವಿ. ಹಾಜರಿಯ ಗೋಜಿಲ್ಲ, ಮರ್ಜಿಯ ಮಾತಿಲ್ಲ.

ನಿಯಮದ ಲಾಭವನ್ನು ಮೊದಲು ಕಂಡವರು ಮಗ್ಗದ ಮಾಲೀಕರು. ಆಳು ಹಚ್ಚುವುದು ಅವರ ದಿನದ ಕೆಲಸ. ಅವರ ನಾಯಕ ದಾರಿಯುದ್ದಕ್ಕೂ ಪ್ರಥಮ ದರ್ಜೆಯವರನ್ನು ಕೂಡಿಸುತ್ತ ಹೋದ. ದಾರಿ ತೋರಲು ಕುರಿಗಾರ, ಬೀಗಕ್ಕೆ ಕಮ್ಮಾರ, ಊಟಕ್ಕೆ ಅಡಿಗೆಯವಳು, ಕಾಳಗಕ್ಕೆ ಒಬ್ಬ ಪೈಲವಾನ. ಆ ಹಾಳು ಬಾವಿಯಲ್ಲಿದ್ದ ದೆವ್ವ ಎದುರು ಬಂದಾಗ ನಾಲ್ವರೂ ನಾಯಕರು ಬೇವಿನ ಗಿಡದ ಬುಡದಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದರು.

“ಹೂಂ, ಪೈಲವಾನ್ರ, ಹೋಗ್ರಿ. ನಾವು ಇಲ್ಲೇ ಇರತೇವಿ,” ಎಂದರು ಮಾಲೀಕರು.

ನಾನು ದೆವ್ವವನ್ನು ವರ್ಣಿಸಿದೆ. ಉದ್ದ, ಬಡಕಲು, ಎಲುಬು ಎಣಿಸುವಂತಿತ್ತು, ಕಣ್ಣಲ್ಲಿ ಕೆಂಡ. ಪೈಲವಾನ ಮುಂದೆ ಹೋದ. ದೆವ್ವ ಕೈ ಚಾಚಿತು. ಪೈಲವಾನ ಆ ಕೈ ಹಿಡಿದು ನೋಡಿದ, ಭುಜ ಮುಟ್ಟಿ ನೋಡಿದ, ಹಿಂದಕ್ಕೆ ಸರಿದ.

“ಯಾಕರಿ? ಅಂಜಿದ್ನೇನು?” ಆಟದ ರೊಟ್ಟಿ ಮಾಲೀಕರ ಗಂಟಲಲ್ಲೇ ನಿಂತಿತು.

“ಅಂಜಿಲ್ಲ. ಕುಸ್ತಿಯಲ್ಲಿ ಪ್ರಥಮ ದರ್ಜೆ. ಆದ್ದರಿಂದಲೇ ಹಿಡಿಯುವುದಿಲ್ಲ. ತನಗಿಂತ ಹಗುರ ಆಳಿನ ಜೊತೆ ಯಾವ ಪೈಲವಾನ ಕಣಕ್ಕೆ ಇಳಿಯುತ್ತಾನೆ? ಜೋಡಿ ಆಗುವುದಿಲ್ಲ ಎನ್ನುತ್ತಾನೆ. ನೀವೇ ಹೇಳಿ, ನೀವು ಹಿಡಿಯುತ್ತಿದ್ದಿರಾ?”

ಮಾಲೀಕರು ಯೋಚಿಸಿದರು. ಗರಡಿಯ ಹಳೆಯ ಮಣ್ಣು ಮಾತಾಡಿತು. “ಇಲ್ರಿ. ಮಂದಿ ನಗತಾರ.”

“ದೆವ್ವಕ್ಕ ಏನಂತ ಹೇಳ್ದರಿ ಮತ್ತ?” ಕಂಡಕ್ಟರ್ ಕೇಳಿದ.

“ವರ್ಷಪೂರ್ತಿ ಹಾಲು ಕುಡಿದು, ಬದಾಮು ತಿಂದು, ಸಾಮು ತೆಗೆದು ಬಾ ಎಂದ.”

ಈಗ ದೆವ್ವದ ಸರದಿ. ಅದರ ಕಸುಬು ಹೆದರಿಸುವುದು. ಹೆದರದವನ ಮುಂದೆ ಅದು ಬರೀ ಪಾಸಾದ ಪ್ರಾಣಿ. ಪೈಲವಾನನ ಮಾತು ಅದಕ್ಕೆ ನಾಟಿತೋ ಇಲ್ಲವೋ ಎಂದು ದಾಳ ಹಾಕಿದೆ. ನಾಟಿತ್ತು. ದೆವ್ವ ಪೈಲವಾನನ ಕಾಲು ಮುಟ್ಟಿ, ಬಾವಿ ಬಿಟ್ಟು, ಹಾಲು ಹುಡುಕಿಕೊಂಡು ಹೋಯಿತು.

ಕೋಣೆಯಲ್ಲಿ ಜಯಘೋಷವಾಯಿತು. ಮಾಲೀಕರಿಗೆ ಮಾತ್ರ ಒಂದು ಸಂಶಯ ಉಳಿಯಿತು. “ಸರ, ಅದು ಖರೇನ ಮೈ ತುಂಬಿಸ್ಕೊಂಡು ಬಂದ್ರ?”

“ಆಗ ಜೋಡಿ ಆಗುತ್ತದೆ. ಆದರೆ ಪೈಲವಾನ ಒಂದು ಸಂಜೆಯ ಆಳು. ನಾಳೆ ಊರಿಗೆ ಹೋಗುತ್ತಾನೆ. ಬಾವಿಯ ಹತ್ತಿರ ಉಳಿಯುವವರು ನೀವು.”

ಅಂದಿನಿಂದ ಮಾಲೀಕರ ನಾಯಕ ದಾರಿಯಲ್ಲಿ ಯಾರು ಹಾಲು ಕುಡಿಯುತ್ತಿದ್ದರೂ ನಿಲ್ಲಿಸಿ ವಿಚಾರಿಸುತ್ತಿದ್ದ.

೪. ದರೋಡೆಗಾರರ ಮುಖಂಡ

ಬ್ಯಾಂಕಿನ ಅಧಿಕಾರಿ ಕುರ್ಚಿಯನ್ನು ಮರೆತಿರಲಿಲ್ಲ. ಕೈಯಿಲ್ಲದ ಕುರ್ಚಿಯಲ್ಲಿ ಕುಳಿತು, ಮೊಣಕೈ ಇಡಲು ಜಾಗವಿಲ್ಲದೆ, ಪ್ರತಿ ವಾರ ನನ್ನ ದೋಷ ಹುಡುಕುತ್ತಿದ್ದ. ಒಂದು ಭಾನುವಾರ ಸಿಕ್ಕಿತು.

ಕಾಡುದಾರಿಯಲ್ಲಿ ನಾಯಕರನ್ನು ದರೋಡೆಗಾರರು ಅಡ್ಡಗಟ್ಟಿದರು. ಮುಖಂಡ ಕತ್ತಿ ಹಿರಿದ. ನಾನು ಅವನ ಮಾತನ್ನು ಹೇಳಿದೆ: “ನಿಲ್ಲಿ. ಇಷ್ಟು ತಡವೇಕೆ? ಒಬ್ಬೊಬ್ಬರಾಗಿ ಸಾಲಿನಲ್ಲಿ ಬನ್ನಿ. ಆ ಹಿಂದಿನವನು ನಗುತ್ತಿರುವುದು ಯಾಕೆ?”

ಹಿಂದಿನವನು ಕಂಡಕ್ಟರನ ಕಳ್ಳ. ಅವನು ನಗುತ್ತಿರಲಿಲ್ಲ, ಕಂಡಕ್ಟರ್ ನಗುತ್ತಿದ್ದ.

ಬ್ಯಾಂಕಿನ ಅಧಿಕಾರಿ ದಾಳ ಕೆಳಗಿಟ್ಟ. “ಸರ, ತಪ್ಪು ತಿಳ್ಕೋಬ್ಯಾಡ್ರಿ. ಹ್ವಾದ ವಾರ ಅಂಬಿಗ ಉಗುರು ನೋಡಿ ದೋಣಿ ಹತ್ತಿಸ್ಕೊಂಡ. ಅದರ ಹಿಂದಿನ ವಾರ ಹುಲಿ ‘ಮುಂದಿನವನು ಬಾ’ ಅಂತು. ಒಬ್ಬೊಬ್ಬರಿಗೆ ಒಂದೊಂದು ಕಸುಬು ಅಂತೀರಿ. ನಿಮ್ಮ ಎಲ್ಲಾ ಮಂದೀಗೂ ಕಸುಬ ಒಂದ ಐತ್ರಿ. ಬೈಯೂದು.”

ಯಾರೂ ನಗಲಿಲ್ಲ. ನಗದಿರಲು ಬಹಳ ಕಷ್ಟಪಡುತ್ತಿದ್ದರು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು.

“ದರೋಡಿ ಮಾಡಾಂವ ಹಂಗ ಶುದ್ಧ ಮಾತಾಡೂದಿಲ್ರಿ ಸರ,” ಎಂದ ಕಂಡಕ್ಟರ್, ಸಮಾಧಾನಪಡಿಸುವ ದನಿಯಲ್ಲಿ. “ನನ್ನ ಬಸ್ಸಿನ್ಯಾಗ ಒಬ್ಬ ಕಿಸೆಗಳ್ಳ ಸಿಕ್ಕಿದ್ದ. ಭಾಳ ಪ್ರೀತೀಲೆ ಮಾತಾಡ್ತಿದ್ದ. ಕಾಕಾ ಅಂತಿದ್ದ.”

“ಸವಾಲು ಹಾಕ್ತೇನ್ರಿ,” ಎಂದ ಬ್ಯಾಂಕಿನ ಅಧಿಕಾರಿ. “ಆಟದ ಊರಾಗಿನ ಯಾರನ್ನರ ನಾ ತೋರಸ್ತೇನಿ. ಅವನ ಕಸುಬು ಏನಂತ ನೀವು ಅಲ್ಲೇ ಹೇಳ್ಬೇಕು. ಅಂವ ತನ್ನ ಕಸುಬಿನ್ಯಾಗ ನನಗ ಸೋತ ಅಂದ್ರ ನಿಮ್ಮ ನಿಯಮಾನೂ ಹೋತು, ಕುರ್ಚಿನೂ ಹೋತು.”

“ಒಪ್ಪಿದೆ. ಕಸುಬಿಲ್ಲದ ಮನುಷ್ಯ ಲೋಕದಲ್ಲಿಲ್ಲ.”

“ನೋಡೂಣ್ರಿ.”

ಪಂಚ ಯಾರು? ಕಂಡಕ್ಟರ್ ಎಂದು ತೀರ್ಮಾನವಾಯಿತು. ಸೀಟಿನ ಜಗಳ ಬಿಡಿಸುವುದು ಅವನಿಗೆ ನಿತ್ಯದ ಕೆಲಸ. ಎಲ್ಲರೂ ಮೆಟ್ಟಿಲು ಇಳಿದು ಹೋದರು, ಅವರನ್ನು ಬಸ್ಸು ಹತ್ತಿಸಲು ಬ್ಯಾಂಕಿನ ಅಧಿಕಾರಿಯೂ. ನಾನು ಕುರ್ಚಿಯ ಕೈಗಳನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತೆ. ಇದು ಹೋದರೆ ಮತ್ತೆ ಕೆಳಗಿನ ಕೋಣೆ. ಮೇಲಿನಿಂದ ಬೇರೆಯವರ ನಗು. ನಿವೃತ್ತಿಯಲ್ಲಿ ನನಗೆ ಹಾರವನ್ನೂ ಶಾಲನ್ನೂ ಕೊಟ್ಟಿದ್ದರು. ಕುರ್ಚಿಯನ್ನು ಇಟ್ಟುಕೊಂಡಿದ್ದರು.

ಆ ವಾರ ಒಂದು ತಯಾರಿ ಮಾಡಿದೆ. ದಿನವೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಜನ ಮಾತಾಡುವುದನ್ನು ಕೇಳಿದೆ. ತಿದ್ದಲಿಲ್ಲ. ಎರಡು ಸಲ ನಾಲಿಗೆ ಕಚ್ಚಿಕೊಳ್ಳಬೇಕಾಯಿತು.

೫. ಕಟ್ಟೆಯ ಮೇಲಿನ ಮುದುಕ

ಸವಾಲಿನ ಭಾನುವಾರ ಐವರೂ ಸಮಯಕ್ಕೆ ಹಾಜರು. ಕತೆಯ ಊರನ್ನು ಬ್ಯಾಂಕಿನ ಅಧಿಕಾರಿಯೇ ಆರಿಸಿದ: ಅಣೆಕಟ್ಟಿನ ಹಿನ್ನೀರು ಬರಲಿರುವ ಒಂದು ಹಳ್ಳಿ. ಜನರೆಲ್ಲ ಬಾಗಿಲು, ತೊಲೆ ಕಿತ್ತುಕೊಂಡು ಹೊಸ ಊರಿಗೆ ಹೋಗಿದ್ದಾರೆ. ಗೋಡೆಗಳಷ್ಟೇ ಉಳಿದಿವೆ. ಕಸುಬುದಾರ ಒಬ್ಬನೂ ಇರಬಾರದೆಂಬುದು ಅವನ ಲೆಕ್ಕ.

“ಇಂಥಾ ಊರಾಗೂ ಒಬ್ಬ ಮುದುಕ ಉಳದಿರತಾನ. ಹೌದಲ್ರಿ ಸರ?”

“ಉಳಿದಿರುತ್ತಾನೆ.”

“ಎಲ್ಲಿ ಅದಾನ್ರಿ?”

“ಕಟ್ಟೆಯ ಮೇಲೆ. ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ.”

“ಹೊಲಾ ಮಾಡತಾನೇನ್ರಿ?”

“ಇಲ್ಲ. ಮಕ್ಕಳು ಮಾಡುತ್ತಾರೆ.”

“ನೇಯತಾನ? ಕುರಿ ಕಾಯತಾನ? ಭಜನಿ ಹೇಳತಾನ?”

“ಯಾವುದೂ ಇಲ್ಲ.”

“ಮತ್ತ ದಿನಾ ಏನ ಮಾಡತಾನ?”

“ಕುಳಿತಿರುತ್ತಾನೆ.”

ಬ್ಯಾಂಕಿನ ಅಧಿಕಾರಿ ಕೈ ಮುಗಿದ. “ಹಂಗಾರ ಹೇಳ್ರಿ. ಇವನ ಕಸುಬೇನು?”

ಅವನು ಜಾಣ, ಜಾಣನನ್ನಾಗಿ ಮಾಡಿದವನು ನಾನೇ. ನಾನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡೆ.

“ಕುಳಿತುಕೊಳ್ಳುವುದು. ಪ್ರಥಮ ದರ್ಜೆ.”

ಮಗ್ಗದ ಮಾಲೀಕರು ಮೇಜು ಗುದ್ದಿದರು. ಬ್ಯಾಂಕಿನ ಅಧಿಕಾರಿ ನಕ್ಕ. “ಆತ್ರಿ. ಅಂವನ್ನ ಎಬ್ಬಸ್ತೇನಿ. ಎದ್ದ ಅಂದ್ರ ನೀವು ಸೋತ್ರಿ.”

ಮೊದಲ ಪ್ರಯತ್ನ, ಸುಳ್ಳು. “ಅಜ್ಜಾರ, ನಿಮ್ಮ ಮನಿಗೆ ಬೆಂಕಿ ಬಿದ್ದೈತಿ, ಏಳ್ರಿ.” ಅವನು ತನ್ನ ನಾಯಕನ ಪರ, ನಾನು ಮುದುಕನ ಪರ ದಾಳ ಹಾಕಿದೆವು. ಮುದುಕನದು ಹೆಚ್ಚು. ನಾನು ಅವನ ಮಾತು ಹೇಳಿದೆ: “ಬೀಳ್ಲಿ ಬಿಡೋ ತಮ್ಮಾ. ಹೆಂಗೂ ಮುಣಗೂ ಮನಿ.”

ನಾಲ್ವರೂ ನನ್ನನ್ನೇ ನೋಡಿದರು. ಕಂಡಕ್ಟರ್ ಮೆಲ್ಲಗೆ ಹೇಳಿದ: “ಸರ, ನಮ್ಮ ಮುತ್ಯಾನ ದನೀರಿ.”

ಎರಡನೆಯದು, ಊಟ. “ಬಿಸಿ ಹೋಳಿಗಿ ಮಾಡ್ಯಾರ, ಮನಿಗಿ ಬರ್ರಿ.” ಮತ್ತೆ ಮುದುಕನದೇ ಹೆಚ್ಚು. “ಗಂಗಾಳ ಇಲ್ಲೇ ತಾ. ತುಪ್ಪ ಮರೀಬ್ಯಾಡ.”

“ನಮ್ಮ ಮಾವಾರ ಇದ್ದಂಗ ಅದಾನ,” ಎಂದರು ಅಕ್ಕ. “ಎಬ್ಬಿಸೂದು ಆಗೂದಿಲ್ಲ, ಸುಮ್ಮ ಬಿಡ್ರಿ.”

ಮೂರನೆಯದು, ನೀರು. “ಈಗ ಹಿನ್ನೀರು ಬಂತು. ಕಟ್ಟಿ ಮುಟ್ಟೇತಿ. ಇನ್ನರ ಏಳಾಕಬೇಕಲ್ರಿ?”

ದಾಳ ಹಾಕುವ ಮೊದಲೇ ಕಂಡಕ್ಟರ್ ಕೈಯೆತ್ತಿದ. “ಪಂಚ ಅಂತಲ್ಲ, ಕಂಡಿದ್ದು ಹೇಳತೇನ್ರಿ. ನಮ್ಮ ಹಳೇ ಊರಾಗ ಇಂಥಾಂವ ಒಬ್ಬ ಇದ್ದ. ನೀರು ಕಟ್ಟೀ ಮ್ಯಾಲ ಬಂತು, ಏಳಲಿಲ್ಲ. ದೋಣಿ ತಂದು ಕಟ್ಟಿಗಿ ಹಚ್ಚಿದ್ವಿ. ಕುಂತಲ್ಲಿಂದ ದೋಣ್ಯಾಗ ಸರದಾ. ಹೊಸ ಊರಾಗ ದೋಣಿಯಿಂದ ಬಂಡ್ಯಾಗ, ಬಂಡಿಯಿಂದ ಹೊಸಾ ಕಟ್ಟೀಗಿ ಸರದಾ. ಎದ್ದಿದ್ದು ನಾವ್ಯಾರೂ ನೋಡಿಲ್ಲ.”

ದಾಳವೂ ಅದನ್ನೇ ಹೇಳಿತು.

ಬ್ಯಾಂಕಿನ ಅಧಿಕಾರಿ ತೋಳು ಮಡಚಿದ. “ಸಾಕು ಮಾತು. ನನ್ನ ನಾಯಕನ ಬಲ ಎಲ್ಲಾರಕಿಂತ ಹೆಚ್ಚು. ಎರಡೂ ಕೈ ಹಾಕಿ ಎತ್ತತೇನಿ.” ದಾಳ ಉರುಳಿಸಿದ. ಅದು ಮೇಜಿನ ಅಂಚಿನವರೆಗೆ ಹೋಗಿ ನಿಂತಿತು. ಇಪ್ಪತ್ತು. ಅದಕ್ಕಿಂತ ಮೇಲೆ ಅಂಕವಿಲ್ಲ. ನಾನು ಹಾಕಿದೆ. ಏಳು.

ಬ್ಯಾಂಕಿನ ಅಧಿಕಾರಿಯ ಕಣ್ಣು ಕುರ್ಚಿಯ ಕೈ ಮೇಲಿತ್ತು. ನನ್ನ ಕೈಯೂ ಅಲ್ಲೇ ಇತ್ತು.

“ನಿನ್ನ ನಾಯಕ ಎತ್ತಿದ,” ಎಂದೆ. “ಮುದುಕ ಕಟ್ಟೆ ಬಿಟ್ಟ. ಒಪ್ಪುತ್ತೇನೆ.”

“ಹಂಗಾರ ಕುರ್ಚಿ...”

“ಕಟ್ಟೆ ಬಿಟ್ಟ. ಕುಳಿತುಕೊಳ್ಳುವುದನ್ನು ಬಿಟ್ಟಿಲ್ಲ. ಹಾಕಿದ ಚಕ್ಕಳಮಕ್ಕಳ ಹಾಕಿದಂತೆಯೇ ಇದೆ. ಈಗ ನಿನ್ನ ನಾಯಕನ ಹೆಗಲ ಮೇಲೆ ಕುಳಿತಿದ್ದಾನೆ. ‘ಛಲೋ ಗಾಳಿ ಐತಿ ಇಲ್ಲಿ’ ಅನ್ನುತ್ತಿದ್ದಾನೆ.”

“ಇದು ಅನ್ಯಾಯರಿ. ಎತ್ತಿದ ಕೂಡ್ಲೇ ಮನಿಷ್ಯಾನ ಕಾಲು ಕೆಳಗ ಜೋತು ಬೀಳತಾವು. ಯಾರದರ ಬೀಳತಾವು.”

“ಸಾಬೀತುಪಡಿಸು.”

ಅವನು ತನ್ನ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. “ಎತ್ತರಿ ಮಾಲಕ್ರ. ಕಾಲು ಎಲ್ಲಾರೂ ನೋಡ್ರಿ.”

ಮಗ್ಗದ ಮಾಲೀಕರು ತೋಳೇರಿಸಿ ಬಂದರು. ಬಹಳ ವರ್ಷಗಳ ಮೇಲೆ ಒಂದು ಜೋಡಿ ಸಿಕ್ಕಿತ್ತು. ಕಂಕುಳಲ್ಲಿ ಕೈ ಹಾಕಿ ಒಂದೇ ಉಸಿರಿಗೆ ತಲೆಯ ಮಟ್ಟಕ್ಕೆ ಎತ್ತಿದರು. ಬ್ಯಾಂಕಿನ ಅಧಿಕಾರಿಗೆ ಅಷ್ಟು ಎತ್ತರ ನಿರೀಕ್ಷೆಯಿರಲಿಲ್ಲ. ಕಣ್ಣು ಮುಚ್ಚಿ, ಮಾಲೀಕರ ತಲೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡು, ಹಾಕಿದ ಚಕ್ಕಳಮಕ್ಕಳವನ್ನು ಇನ್ನಷ್ಟು ಬಿಗಿ ಮಾಡಿದ.

“ಇಳಸ್ರಿ, ಇಳಸ್ರಿ!”

“ಕಾಲು ಬಿಡೋ ಮಾರಾಯಾ, ಇಳಸತೇನಿ!”

“ಬಿಟ್ರ ಬೀಳತೇನ್ರಿ!”

ಅಕ್ಕ ಕೆಳಗಿನಿಂದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಔಷಧದ ಚೀಟಿ ಓದುವಂತೆ ಗಮನವಿಟ್ಟು ನೋಡಿದರು. “ಇನ್ನೂ ಕುಂತಾನ ನೋಡ್ರಿ.”

ಕೊನೆಗೆ ಹೇಗೋ ಅವನ ಕಾಲು ಬಿಡಿಸಿ ನೆಲದ ಮೇಲೆ ನಿಲ್ಲಿಸಿದರು. ಮಾಲೀಕರಿಗೆ ದಮ್ಮು ಹತ್ತಿತ್ತು. ಹತ್ತಿರದ ಖಾಲಿ ಕುರ್ಚಿಯ ಮೇಲೆ ಕುಸಿದರು. ಅದು ಬ್ಯಾಂಕಿನ ಅಧಿಕಾರಿಯದು. ಅಕ್ಕ ತಮ್ಮ ಜಾಗಕ್ಕೆ ಮರಳಿದರು. ಅವನು ಅಂಗಿ ಸರಿಪಡಿಸಿಕೊಳ್ಳುತ್ತ ಕೋಣೆಯ ನಡುವೆ ನಿಂತ. ನಾನು ಕದಲಿರಲಿಲ್ಲ.

ಎಲ್ಲರೂ ಪಂಚನ ಕಡೆ ನೋಡಿದರು. ಕಂಡಕ್ಟರ್ ಕುಳಿತಲ್ಲಿಂದಲೇ ಇಡೀ ಕೋಣೆಯನ್ನು ಬಸ್ಸಿನಂತೆ ಒಮ್ಮೆ ಹಿಂದಿನಿಂದ ಮುಂದಿನವರೆಗೆ ನೋಡಿದ. ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಮೇಜಿನ ಮೇಲೆ ಕುಟ್ಟಿದ. ಆಮೇಲೆ ಬೀಳಗಿಯ ನಿಲ್ದಾಣದ ಕೊನೆಯವರೆಗೂ ಕೇಳುವ ದನಿಯಲ್ಲಿ ತೀರ್ಪು ಕೊಟ್ಟ:

“ಮುದುಕ ಕುಂತಾನ. ಸರ ಕುಂತಾರ. ನಿಂತವರು ನೀವೊಬ್ರ ಸಾಹೇಬ್ರ. ನಿಂತವರು ಮುಂದ ಸರೀರಿ.”